ಡೆಬಿಯನ್‌ಗೆ ಪೈಥಾನ್ ಲೈಬ್ರರಿ ಪ್ಯಾಕೇಜ್ ಮಾಡುವುದು: ಮೊದಲು ಹೆಸರು, ಆಮೇಲೆ ಉಳಿದದ್ದು

"ಪ್ಯಾಕೇಜ್ ಮಾಡಿದ್ದೇನೆ, ಒಂದ್ಸಲ ನೋಡಿ" ಅಂತ ಕಳಿಸುವವರು ಜಾಸ್ತಿ ಎಡವುವುದು ಒಂದೇ ಜಾಗದಲ್ಲಿ. ಬಿಲ್ಡ್ ಆಗಿರುತ್ತದೆ, ಇನ್‌ಸ್ಟಾಲ್ ಕೂಡ ಆಗುತ್ತದೆ, ಆದರೆ ಹೆಸರು ತಪ್ಪಾಗಿರುತ್ತದೆ. ಹೆಸರು ಅಂದರೆ ಬರೀ ಅಂಟಿಸುವ ಚೀಟಿ ಅಂತ ಅಂದುಕೊಂಡಿರುತ್ತಾರೆ. ಡೆಬಿಯನ್ ಅನ್ನುವ ಈ ಲಿನಕ್ಸ್ ವ್ಯವಸ್ಥೆಯ ಅರ್ಧ ಪರಿಕರಗಳು ಆ ಹೆಸರನ್ನೇ ಓದಿ ಕೆಲಸ ಮಾಡುತ್ತವೆ. ಹಾಗಾಗಿ ಒಂದು ಅಕ್ಷರ ತಪ್ಪಿದರೂ ಡಿಪೆಂಡೆನ್ಸಿ (ಓಡಲು ಬೇಕಾದ ಬೇರೆ ಪ್ಯಾಕೇಜ್‌ಗಳು), ಟೆಸ್ಟ್ ಎಲ್ಲ ಸಾಲಾಗಿ ಕೆಡುತ್ತವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್, ಫೈಲ್, ಪ್ಯಾಕೇಜ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಪ್ಯಾಕೇಜ್ ಹೆಸರು ಯಾವಾಗಲೂ ಸಣ್ಣಕ್ಷರದಲ್ಲೇ. ನಿಮ್ಮ ಮೆಷಿನ್‌ನಲ್ಲಿ ಡೆಬಿಯನ್ 13 ಇದ್ದರೆ ಸಾಕು, ಪ್ಯಾಕೇಜ್ ಬಿಲ್ಡ್ ಮಾಡುವುದು ಮಾತ್ರ ಸಿಡ್‌ಗೆ, ಅಂದರೆ ಡೆಬಿಯನ್‌ನ ಇನ್ನೂ ಬೆಳೆಯುತ್ತಿರುವ ಅನ್‌ಸ್ಟೇಬಲ್ ಶಾಖೆಗೆ.

## ಹಂತ 1: ಲೈಬ್ರರಿಯೋ, ಅಪ್ಲಿಕೇಶನ್ನೋ?

ನಿಮ್ಮನ್ನು ನೀವೇ ಕೇಳಿಕೊಳ್ಳಿ: ಬೇರೆ ಯಾರಾದರೂ ತಮ್ಮ ಪ್ರೋಗ್ರಾಮ್‌ನಲ್ಲಿ ಇದನ್ನು ಇಂಪೋರ್ಟ್ ಮಾಡುತ್ತಾರಾ? ಹೌದು ಅಂದರೆ ಲೈಬ್ರರಿ, ಅದಕ್ಕೆ ಪೈಥಾನ್3- ಎಂಬ ಮುನ್ನೊಟ್ಟು ಬೇಕೇ ಬೇಕು. ಬರೀ ಕಮಾಂಡ್ ಓಡಿಸುವುದಕ್ಕೆ ಅಂದರೆ ಅಪ್ಲಿಕೇಶನ್, ಅದಕ್ಕೆ ಮುನ್ನೊಟ್ಟು ಬೇಡ. ವಿಡಿಯೊ ಡೌನ್‌ಲೋಡ್ ಮಾಡುವ ವೈಟಿ-ಡಿಎಲ್‌ಪಿ ಬರೆದಿರುವುದು ಪೈಥಾನ್‌ನಲ್ಲೇ, ಆದರೂ ಅದನ್ನು ಇನ್‌ಸ್ಟಾಲ್ ಮಾಡುವವರಿಗೆ ಆ ವಿಷಯ ಬೇಕಿಲ್ಲ ಅಲ್ವಾ? ಪ್ಯಾಕೇಜ್ ಹೆಸರೂ ಸುಮ್ನೆ ವೈಟಿ-ಡಿಎಲ್‌ಪಿ ಅಂತಲೇ ಇದೆ.

ಎರಡೂ ಆಗಿದ್ದರೆ ಒಂದೇ ಮೂಲದಿಂದ ಎರಡು ಪ್ಯಾಕೇಜ್ ಮಾಡಬಹುದು. ವರ್ಚುಯಲ್ಎನ್ವ್ ಹಾಗೇ ಇದೆ: ಕಮಾಂಡ್‌ಗೆ ಒಂದು, ಪೈಥಾನ್3-ವರ್ಚುಯಲ್ಎನ್ವ್ ಅಂತ ಲೈಬ್ರರಿಗೆ ಇನ್ನೊಂದು.

## ಹಂತ 2: ಹೆಸರು

ಇಲ್ಲಿ ಅವಸರ ಮಾಡಬೇಡಿ. ಒಂದೇ ಲೈಬ್ರರಿಗೆ ನಾಲ್ಕು ಹೆಸರು ಇರುತ್ತವೆ: ಪೈಪಿಐನಲ್ಲಿ (ಪೈಥಾನ್ ಲೈಬ್ರರಿಗಳ ಆನ್‌ಲೈನ್ ಭಂಡಾರ) ಇರುವುದು, ಕೋಡ್‌ನಲ್ಲಿ ಇಂಪೋರ್ಟ್ ಮಾಡುವುದು, ಡೆಬಿಯನ್‌ನ ಸೋರ್ಸ್ ಪ್ಯಾಕೇಜ್‌ನದು (ಮೂಲ ಕೋಡ್ ಇರುವುದು), ಕೊನೆಗೆ ಬೈನರಿ ಪ್ಯಾಕೇಜ್‌ನದು (ಜನ ಇನ್‌ಸ್ಟಾಲ್ ಮಾಡುವುದು). ಜನ ಮೊದಲನೆಯದನ್ನು ನೇರವಾಗಿ ತಂದು ನಾಲ್ಕನೆಯ ಜಾಗದಲ್ಲಿ ಇಡುತ್ತಾರೆ. ತಪ್ಪಾಗುವುದು ಅಲ್ಲೇ.

ನಿಯಮ ಇಷ್ಟೇ: ಬೈನರಿ ಪ್ಯಾಕೇಜ್‌ನ ಹೆಸರು ಪೈಥಾನ್3- ಜೊತೆಗೆ ಇಂಪೋರ್ಟ್ ಹೆಸರು. ಪೈಪಿಐ ಹೆಸರಿಗೆ ಅಲ್ಲಿ ಜಾಗ ಇಲ್ಲ.

ಪೈಪಿಐನಲ್ಲಿ ಪೈಯಾಮಲ್ ಅಂತ ಇರುವುದನ್ನು ಕೋಡ್‌ನಲ್ಲಿ ಯಾಮಲ್ ಅಂತ ಇಂಪೋರ್ಟ್ ಮಾಡುತ್ತೇವೆ. ಹಾಗಾಗಿ ಪ್ಯಾಕೇಜ್ ಪೈಥಾನ್3-ಯಾಮಲ್. ಬ್ಯೂಟಿಫುಲ್‌ಸೂಪ್4 ಇಂಪೋರ್ಟ್ ಆಗುವುದು ಬಿಎಸ್4 ಅಂತ, ಪ್ಯಾಕೇಜ್ ಪೈಥಾನ್3-ಬಿಎಸ್4. ಪಿಲ್ಲೋ ಇಂಪೋರ್ಟ್ ಆಗುವುದು ದೊಡ್ಡಕ್ಷರದ ಪಿಐಎಲ್ ಅಂತ, ಪ್ಯಾಕೇಜ್ ಸಣ್ಣಕ್ಷರದಲ್ಲಿ ಪೈಥಾನ್3-ಪಿಐಎಲ್. ಸೈಕಿಟ್-ಲರ್ನ್ ಪೈಥಾನ್3-ಎಸ್‌ಕೆಲರ್ನ್ ಆಗುತ್ತದೆ, ಪೈಸೀರಿಯಲ್ ಪೈಥಾನ್3-ಸೀರಿಯಲ್ ಆಗುತ್ತದೆ. ಇದಕ್ಕೆ ಹೊರತಾದವೂ ಇವೆ. ಓಪನ್‌ಸಿವಿ ಇಂಪೋರ್ಟ್ ಆಗುವುದು ಸಿವಿ2 ಅಂತ, ಪ್ಯಾಕೇಜ್ ಮಾತ್ರ ಪೈಥಾನ್3-ಓಪನ್‌ಸಿವಿ. ಹಳೆಯ ಪ್ಯಾಕೇಜ್‌ಗಳಲ್ಲಿ ಇಂಥವು ಕಂಡವು ಅಂತ ಹೊಸದಕ್ಕೂ ಅದೇ ದಾರಿ ಹಿಡಿಯಬೇಡಿ.

ಇಂಪೋರ್ಟ್ ಹೆಸರನ್ನು ರೀಡ್‌ಮಿ ಓದಿ ಊಹಿಸಬೇಡಿ. ಒಂದು ಖಾಲಿ ವರ್ಚುಯಲ್ ಪರಿಸರ ಮಾಡಿ, ಪೈಥಾನ್‌ನ ಇನ್‌ಸ್ಟಾಲರ್ ಆದ ಪಿಪ್‌ನಿಂದ ಹಾಕಿ, ಸೈಟ್-ಪ್ಯಾಕೇಜಸ್ ಫೋಲ್ಡರ್‌ಗೆ ಹೋಗಿ ಯಾವ ಫೋಲ್ಡರ್ ಹೊಸದಾಗಿ ಬಂದಿದೆ ಅಂತ ಕಣ್ಣಾರೆ ನೋಡಿ. ಅದೇ ನಿಮ್ಮ ಹೆಸರು. ಎರಡು ಮೂರು ಫೋಲ್ಡರ್ ಬಂದಿದ್ದರೆ ಮುಖ್ಯವಾದದ್ದನ್ನು ಹೆಸರಿಗೆ ಇಟ್ಟುಕೊಳ್ಳಿ, ಉಳಿದವು ಯಾಕೆ ಬಂದವು ಅಂತ ಬರೆದಿಟ್ಟುಕೊಳ್ಳಿ. ಹಂತ 8ರಲ್ಲಿ ಅದು ಬೇಕಾಗುತ್ತದೆ.

ಇನ್ನು ಅಕ್ಷರಗಳ ಲೆಕ್ಕ. ಡೆಬಿಯನ್ ಪ್ಯಾಕೇಜ್ ಹೆಸರಿನಲ್ಲಿ ಸಣ್ಣಕ್ಷರ, ಅಂಕಿ, ಪ್ಲಸ್, ಹೈಫನ್, ಚುಕ್ಕೆ ಇಷ್ಟೇ ಇರಬಹುದು. ಅಂಡರ್‌ಸ್ಕೋರ್ ನಡೆಯುವುದಿಲ್ಲ, ಅದಕ್ಕೆ ಕಾರಣವೂ ಇದೆ. ಡೆಬ್ ಫೈಲಿನ, ಅಂದರೆ ಬಿಲ್ಡ್ ಆಗಿ ಬರುವ ಪ್ಯಾಕೇಜ್ ಫೈಲಿನ, ಹೆಸರಲ್ಲಿ ಪ್ಯಾಕೇಜ್, ವರ್ಶನ್, ಆರ್ಕಿಟೆಕ್ಚರ್ ಈ ಮೂರನ್ನು ಬೇರೆ ಮಾಡುವುದೇ ಅಂಡರ್‌ಸ್ಕೋರ್. ಹಾಗಾಗಿ ಇಂಪೋರ್ಟ್ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಹೈಫನ್ ಮಾಡಿ. ಚುಕ್ಕೆ ಇದ್ದರೆ ಚುಕ್ಕೆಯಾಗಿಯೇ ಬಿಡಿ, ಪೈಥಾನ್3-ಝೋಪ್.ಇಂಟರ್ಫೇಸ್ ಇರುವ ಹಾಗೆ.

ಸೋರ್ಸ್ ಪ್ಯಾಕೇಜ್‌ಗೆ ಇಷ್ಟು ಕಟ್ಟುನಿಟ್ಟಿಲ್ಲ. ಮೂಲ ಲೇಖಕರು ಇಟ್ಟ ಹೆಸರೇ ಸಾಕು: ಪಿಲ್ಲೋ, ಪೈಯಾಮಲ್, ಸೈಕಿಟ್-ಲರ್ನ್. ಆ ಹೆಸರು ತೀರಾ ಸಾಮಾನ್ಯವಾಗಿದ್ದರೆ, ಬೇರೆ ಭಾಷೆಯಲ್ಲೂ ಅದೇ ಹೆಸರಿನ ಲೈಬ್ರರಿ ಇರುವ ಹಾಗಿದ್ದರೆ, ಮುಂದೆ ಪೈಥಾನ್- ಸೇರಿಸಿ. ಸೋರ್ಸ್‌ಗೆ 3 ಹಾಕಬೇಡಿ. ಡಾಕ್ಯುಮೆಂಟೇಶನ್ ಬೇರೆ ಪ್ಯಾಕೇಜ್ ಮಾಡಿದರೂ ಅಷ್ಟೇ, ಪೈಥಾನ್-ಹೆಸರು-ಡಾಕ್, ಅಲ್ಲೂ 3 ಇಲ್ಲ.

ನನ್ನ ಮೊದಲ ಪ್ಯಾಕೇಜ್‌ನಲ್ಲಿ ನಾನೂ ಪೈಪಿಐ ಹೆಸರನ್ನೇ ಇಟ್ಟಿದ್ದೆ. ನೋಡಿದ ಸ್ಪಾನ್ಸರ್, ಅಂದರೆ ನನ್ನ ಪರವಾಗಿ ಅಪ್‌ಲೋಡ್ ಮಾಡುವವರು, ಒಂದೇ ಸಾಲು ಬರೆದು ವಾಪಸ್ ಕಳಿಸಿದರು: ಇದನ್ನು ಇಂಪೋರ್ಟ್ ಮಾಡುವುದು ಹೇಗೆ? ಉತ್ತರ ಟೈಪ್ ಮಾಡುವಾಗಲೇ ತಪ್ಪು ಗೊತ್ತಾಯಿತು. ಕಂಟ್ರೋಲ್ (ಪ್ಯಾಕೇಜ್ ಹೆಸರು, ಡಿಪೆಂಡೆನ್ಸಿ ಬರೆಯುವ ಫೈಲ್), ಇನ್‌ಸ್ಟಾಲ್ ಫೈಲ್‌ಗಳು, ಟೆಸ್ಟ್, ಬಗ್ ರಿಪೋರ್ಟ್‌ನ ತಲೆಬರಹ, ಎಲ್ಲವನ್ನೂ ಮತ್ತೆ ತಿದ್ದಬೇಕಾಯಿತು.

ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್‌ನಿಂದ ಬಂದವರಿಗೆ ಒಂದು ಎಚ್ಚರಿಕೆ. ಅಲ್ಲಿ ಪದ್ಧತಿ ಉಲ್ಟಾ, ಪೈಪಿಐ ಹೆಸರೇ ಆಧಾರ. ಅದಕ್ಕೇ ಅಲ್ಲಿ ಪೈಥಾನ್3-ಪೈಯಾಮಲ್, ಪೈಥಾನ್3-ಪಿಲ್ಲೋ. ಯಾವುದು ಸರಿ ಅಂತ ಜಗಳ ಆಡಬೇಡಿ, ಯಾರ ಮನೆಗೆ ಹೋಗುತ್ತೀರೋ ಅವರ ಪದ್ಧತಿ.

ಬೇರೆ ಭಾಷೆಗಳ ಲೈಬ್ರರಿ ಆದರೆ ಹೆಸರಿನ ಅಚ್ಚು ಬೇರೆ. ಪರ್ಲ್‌ನಲ್ಲಿ ಲಿಬ್-ನಿಂದ ಶುರುವಾಗಿ -ಪರ್ಲ್‌ನಲ್ಲಿ ಮುಗಿಯುತ್ತದೆ, ಜೆಸನ್ ಮಾಡ್ಯೂಲ್ ಲಿಬ್‌ಜೆಸನ್-ಪರ್ಲ್ ಆಗುತ್ತದೆ. ರೂಬಿಗೆ ರೂಬಿ-, ನೋಡ್‌ಗೆ ನೋಡ್-, ಆರ್ ಭಾಷೆಯ ಲೈಬ್ರರಿಗೆ ಆರ್-ಕ್ರಾನ್-. ರಸ್ಟ್‌ನಲ್ಲಿ ಲಿಬ್‌ರಸ್ಟ್-ಸರ್ಡಿ-ಡೆವ್ ತರಹ. ಗೋ ಭಾಷೆಯಲ್ಲಿ ಇಡೀ ವಿಳಾಸವೇ ಹೆಸರಾಗಿ ಗೋಲ್ಯಾಂಗ್-ಗಿಟ್‌ಹಬ್-ಎಸ್‌ಪಿಎಫ್13-ಕೋಬ್ರಾ-ಡೆವ್ ಅಂತ ಉದ್ದಕ್ಕೆ ಹೋಗುತ್ತದೆ. ಸಿ ಭಾಷೆಯ ಶೇರ್ಡ್ ಲೈಬ್ರರಿ ಇನ್ನೂ ಬೇರೆ, ಅಲ್ಲಿ ಕೊನೆಯ ಅಂಕಿ ಸೋನೇಮ್‌ನಿಂದ (ಲೈಬ್ರರಿ ಫೈಲಿನೊಳಗೇ ಬರೆದಿರುವ ಅಂಕಿಸಹಿತ ಹೆಸರು) ಬರುತ್ತದೆ, ಲಿಬ್‌ಎಕ್ಸ್‌ಪ್ಯಾಟ್1 ಇರುವ ಹಾಗೆ. ಅಂದಹಾಗೆ ಫಾಂಟ್‌ಗೂ ಇದೇ ಶಿಸ್ತು. ನಮ್ಮ ಗುಬ್ಬಿ ಫಾಂಟ್ ಡೆಬಿಯನ್‌ನಲ್ಲಿ ಫಾಂಟ್ಸ್-ಗುಬ್ಬಿ.

## ಹಂತ 3: ಈಗಾಗಲೇ ಇದೆಯಾ ನೋಡಿ

ಇದನ್ನು ಎರಡನೇ ಹಂತದ ನಂತರ ಇಟ್ಟಿದ್ದು ಬೇಕಂತಲೇ. ಇಂಪೋರ್ಟ್ ಹೆಸರು ಗೊತ್ತಿಲ್ಲದೆ ಹುಡುಕಿದರೆ, ಇರುವ ಪ್ಯಾಕೇಜೂ ಕಣ್ಣಿಗೆ ಬೀಳುವುದಿಲ್ಲ. ಆಪ್ಟ್-ಫೈಲ್ ಹಾಕಿಕೊಂಡು, ಡೆಬಿಯನ್ ಪೈಥಾನ್ ಮಾಡ್ಯೂಲ್‌ಗಳನ್ನು ಇಡುವ ಡಿಸ್ಟ್-ಪ್ಯಾಕೇಜಸ್ ಫೋಲ್ಡರ್‌ನ ಒಳಗೆ ಆ ಹೆಸರಿನ ಫೋಲ್ಡರ್ ಯಾವ ಪ್ಯಾಕೇಜ್‌ನಲ್ಲಿದೆ ಅಂತ ಹುಡುಕಿ.

ಇಲ್ಲ ಅಂತ ಖಾತ್ರಿಯಾದ ಮೇಲೆ ಡಬ್ಲ್ಯುಎನ್‌ಪಿಪಿ ಪಟ್ಟಿ ನೋಡಿ, ಕೆಲಸ ಬೇಕಾದ ಮತ್ತು ಮುಂದೆ ಬರಲಿರುವ ಪ್ಯಾಕೇಜ್‌ಗಳು ಅದರಲ್ಲಿರುತ್ತವೆ. ಬೇರೆ ಯಾರಾದರೂ ಆಗಲೇ ಐಟಿಪಿ ಹಾಕಿದ್ದರೆ, ಅಂದರೆ ಪ್ಯಾಕೇಜ್ ಮಾಡುವ ಉದ್ದೇಶ ತಿಳಿಸಿದ್ದರೆ, ಅವರಿಗೆ ಬರೆದು ಕೇಳಿ. ಯಾರೂ ಇಲ್ಲದಿದ್ದರೆ ರಿಪೋರ್ಟ್‌ಬಗ್‌ನಿಂದ ನೀವೇ ಐಟಿಪಿ ಹಾಕಿ. ಬರುವ ಬಗ್ ನಂಬರ್ ಇಟ್ಟುಕೊಳ್ಳಿ, ಚೇಂಜ್‌ಲಾಗ್‌ನ ಮೊದಲ ನಮೂದಿನಲ್ಲಿ ಅದನ್ನು ಮುಚ್ಚಬೇಕು.

## ಹಂತ 4: ಲೈಸೆನ್ಸ್ ಓದಿ, ನಿಜವಾಗಿಯೂ ಓದಿ

ಲೈಸೆನ್ಸ್ ಫೈಲ್ ಎಂಐಟಿ ಅಂದ ಮಾತ್ರಕ್ಕೆ ಒಳಗಿನ ಎಲ್ಲ ಫೈಲೂ ಎಂಐಟಿ ಆಗಿರಬೇಕಿಲ್ಲ. ಯಾರೋ ಇನ್ನೊಂದು ಪ್ರಾಜೆಕ್ಟ್‌ನ ಫೈಲನ್ನು ತಂದು ಸೇರಿಸಿರುತ್ತಾರೆ, ಡಾಕ್ಯುಮೆಂಟೇಶನ್ ಫೋಲ್ಡರ್‌ನಲ್ಲಿ ಕುಗ್ಗಿಸಿದ ಜಾವಾಸ್ಕ್ರಿಪ್ಟ್ ಬಿದ್ದಿರುತ್ತದೆ, ಅದರ ಮೂಲ ಇರುವುದೇ ಇಲ್ಲ. ಲೈಸೆನ್ಸ್‌ಚೆಕ್ ಅನ್ನು ಇಡೀ ಫೋಲ್ಡರ್ ಮೇಲೆ ಓಡಿಸಿ, ಬೇರೆ ಅಂತ ಕಂಡ ಪ್ರತಿ ಫೈಲನ್ನೂ ಕಾಪಿರೈಟ್ ಫೈಲ್‌ನಲ್ಲಿ ಬರೆಯಿರಿ. ಮೂಲ ಇಲ್ಲದ ಫೈಲ್ ಇದ್ದರೆ ಅದನ್ನು ತೆಗೆದು ಟಾರ್‌ಬಾಲ್, ಅಂದರೆ ಮೂಲ ಕೋಡ್‌ನ ಗಂಟು, ಮತ್ತೆ ಕಟ್ಟಬೇಕು. ಬೇಜಾರಿನ ಕೆಲಸವೇ, ಆದರೂ ಈಗಲೇ ಮುಗಿಸಿ. ಕೊನೆಯಲ್ಲಿ ಪರಿಶೀಲಿಸುವವರು ಜಾಸ್ತಿ ಹೊತ್ತು ನೋಡುವುದು ಇದನ್ನೇ.

## ಹಂತ 5: ಪರಿಕರಗಳು

ಇವನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ: ಬಿಲ್ಡ್-ಎಸೆನ್ಷಿಯಲ್, ಡೆವ್‌ಸ್ಕ್ರಿಪ್ಟ್ಸ್, ಡೆಬ್‌ಹೆಲ್ಪರ್, ಡಿಎಚ್-ಪೈಥಾನ್, ಪೈಥಾನ್3-ಆಲ್, ಗಿಟ್-ಬಿಲ್ಡ್‌ಪ್ಯಾಕೇಜ್, ಎಸ್‌ಬಿಲ್ಡ್, ಲಿಂಟಿಯನ್, ಆಟೋಪಿಕೆಜಿಟೆಸ್ಟ್. ಲೈಬ್ರರಿಯಲ್ಲಿ ಪೈಪ್ರಾಜೆಕ್ಟ್ ಟಾಮಲ್ ಫೈಲ್ ಇದ್ದರೆ ಪೈಬಿಲ್ಡ್-ಪ್ಲಗಿನ್-ಪೈಪ್ರಾಜೆಕ್ಟ್ ಕೂಡ ಬೇಕು.

ಕಂಟ್ರೋಲ್ ಫೈಲನ್ನು ತಾನೇ ಬರೆದುಕೊಡುವ ಪರಿಕರಗಳೂ ಇವೆ. ಬಳಸಿ, ಅಡ್ಡಿಯಿಲ್ಲ. ಆದರೆ ಅವು ಪೈಪಿಐನಿಂದ ಓದಿ ಹೆಸರು ಊಹಿಸುತ್ತವೆ. ಹೆಸರು ತಪ್ಪಾದ ಎಷ್ಟೋ ಪ್ಯಾಕೇಜ್‌ಗಳು ಹುಟ್ಟುವುದು ಇಲ್ಲೇ. ಬಂದ ಫೈಲಿನಲ್ಲಿ ಮೊದಲು ಪ್ಯಾಕೇಜ್ ಹೆಸರಿನ ಸಾಲನ್ನು ತಿದ್ದಿ, ಆಮೇಲೆ ಉಳಿದದ್ದು ನೋಡಿ.

## ಹಂತ 6: ಮೂಲ ಟಾರ್‌ಬಾಲ್ ಮತ್ತು ವರ್ಶನ್

ಪೈಪಿಐನ ಟಾರ್‌ಬಾಲ್‌ನಲ್ಲಿ ಎಷ್ಟೋ ಸಲ ಟೆಸ್ಟ್‌ಗಳೇ ಇರುವುದಿಲ್ಲ. ಗಿಟ್ ಟ್ಯಾಗ್‌ನಿಂದ ಬರುವ ಟಾರ್‌ಬಾಲ್‌ನಲ್ಲಿ ಎಲ್ಲ ಇರುತ್ತದೆ, ನಾನು ಅದನ್ನೇ ತೆಗೆದುಕೊಳ್ಳುತ್ತೇನೆ. ಹೊಸ ವರ್ಶನ್ ಎಲ್ಲಿ ಹುಡುಕಬೇಕು ಅಂತ ಹೇಳುವ ವಾಚ್ ಫೈಲನ್ನೂ ಅದಕ್ಕೆ ತಕ್ಕಂತೆ ಬರೆದು, ಯುಸ್ಕ್ಯಾನ್ ಓಡಿಸಿ ಹೊಸ ವರ್ಶನ್ ಸಿಗುತ್ತದಾ ಅಂತ ಪರೀಕ್ಷಿಸಿ.

ಆದರೆ ಗಿಟ್ ಟಾರ್‌ಬಾಲ್‌ಗೂ ಒಂದು ಕಾಟ ಇದೆ. ಕೆಲವು ಲೈಬ್ರರಿಗಳು ತಮ್ಮ ವರ್ಶನ್ ನಂಬರನ್ನು ಗಿಟ್ ಇತಿಹಾಸದಿಂದ ಲೆಕ್ಕ ಹಾಕುತ್ತವೆ, ಸೆಟಪ್‌ಟೂಲ್ಸ್-ಎಸ್‌ಸಿಎಂ ಅನ್ನುವುದರ ಮೂಲಕ. ಟಾರ್‌ಬಾಲ್‌ನಲ್ಲಿ ಗಿಟ್ ಇತಿಹಾಸ ಎಲ್ಲಿಂದ ಬರಬೇಕು? ಆಗ ಬಿಲ್ಡ್ ನಿಲ್ಲಬಹುದು, ಇಲ್ಲವೇ 0.0.0 ಅಂತ ಸುಮ್ನೆ ಮುಂದೆ ಹೋಗಬಹುದು. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ನಿಮಗೆ ಗೊತ್ತೇ ಆಗುವುದಿಲ್ಲ. ಬಿಲ್ಡ್ ಆದ ಮೇಲೆ ಲೈಬ್ರರಿಯ ಮೆಟಾಡೇಟಾ ಇರುವ ಡಿಸ್ಟ್-ಇನ್ಫೋ ಫೋಲ್ಡರ್‌ನ ಹೆಸರಲ್ಲಿ ಯಾವ ನಂಬರ್ ಇದೆ ಅಂತ ನೋಡಿ.

ಡೆಬಿಯನ್ ವರ್ಶನ್ ಅಂದರೆ ಮೂಲ ವರ್ಶನ್, ಹೈಫನ್, ನಿಮ್ಮ ಪರಿಷ್ಕರಣೆಯ ಅಂಕಿ: 2.0-1. ಮೂಲದವರು ಆರ್‌ಸಿ, ಅಂದರೆ ಅಂತಿಮಕ್ಕೆ ಮುಂಚಿನ ಪ್ರಯೋಗದ ವರ್ಶನ್, ಬಿಡುಗಡೆ ಮಾಡಿದ್ದರೆ ಮಧ್ಯೆ ಟಿಲ್ಡೆ ಹಾಕಬೇಕು: 2.0~ಆರ್‌ಸಿ1-1. ಟಿಲ್ಡೆ ಇಲ್ಲದಿದ್ದರೆ ಆರ್‌ಸಿ ವರ್ಶನ್ಗೇ 2.0ಕ್ಕಿಂತ ದೊಡ್ಡ ಸ್ಥಾನ ಸಿಗುತ್ತದೆ, ಆಮೇಲೆ ನಿಜವಾದ 2.0 ಬಂದಾಗ ಯಾರ ಮೆಷಿನ್‌ನಲ್ಲೂ ಅಪ್‌ಗ್ರೇಡ್ ಆಗುವುದಿಲ್ಲ.

## ಹಂತ 7: ಕಂಟ್ರೋಲ್ ಮತ್ತು ರೂಲ್ಸ್

ಬಿಲ್ಡ್ ಹೇಗೆ ಅಂತ ಹೇಳುವ ರೂಲ್ಸ್ ಫೈಲ್ ಚಿಕ್ಕದು. ಡಿಎಚ್‌ಗೆ ಬಿಲ್ಡ್‌ಸಿಸ್ಟಮ್ ಪೈಬಿಲ್ಡ್ ಅಂತ ಹೇಳಿ, ಮೇಲೆ ಪೈಬಿಲ್ಡ್_ನೇಮ್ (ಪೂರ್ತಿ ದೊಡ್ಡಕ್ಷರ, ಮಧ್ಯೆ ಅಂಡರ್‌ಸ್ಕೋರ್) ಅನ್ನುವ ವೇರಿಯಬಲ್‌ಗೆ ಪೈಥಾನ್3- ಬಿಟ್ಟು ಉಳಿದ ಹೆಸರು ಕೊಡಿ. ನಾಲ್ಕೈದು ಸಾಲು ದಾಟಿದರೆ ಏನೋ ಎಡವಟ್ಟಾಗಿದೆ ಅಂತ ಅನುಮಾನಪಡಿ.

ಕಂಟ್ರೋಲ್ ಫೈಲ್‌ನ ಬಿಲ್ಡ್-ಡಿಪೆಂಡ್ಸ್ ಸಾಲಿನಲ್ಲಿ (ಬಿಲ್ಡ್‌ಗೆ ಬೇಕಾದ ಪ್ಯಾಕೇಜ್‌ಗಳು) ಡೆಬ್‌ಹೆಲ್ಪರ್-ಕಂಪ್ಯಾಟ್ 13, ಡಿಎಚ್-ಸೀಕ್ವೆನ್ಸ್-ಪೈಥಾನ್3, ಪೈಥಾನ್3-ಆಲ್, ಜೊತೆಗೆ ಲೈಬ್ರರಿ ಕೇಳುವ ಬಿಲ್ಡ್ ಪರಿಕರ. ಟೆಸ್ಟ್‌ಗೆ ಪೈಟೆಸ್ಟ್ ಬೇಕಿದ್ದರೆ ಅದನ್ನೂ ನೋಚೆಕ್ ಗುರುತಿನ (ಟೆಸ್ಟ್ ಬೇಡ ಅಂದಾಗ ಇದನ್ನು ಬಿಡಬಹುದು ಅನ್ನುವ ಗುರುತು) ಜೊತೆ ಸೇರಿಸಿ. ಅದು ಪಟ್ಟಿಯಲ್ಲಿದ್ದರೆ ಪೈಬಿಲ್ಡ್ ತಾನಾಗೇ ಪೈಟೆಸ್ಟ್ ಓಡಿಸುತ್ತದೆ. ಸೆಕ್ಷನ್ ಪೈಥಾನ್. ಶುದ್ಧ ಪೈಥಾನ್ ಆದರೆ ಆರ್ಕಿಟೆಕ್ಚರ್ ಆಲ್, ಅಂದರೆ ಎಲ್ಲ ಬಗೆಯ ಮೆಷಿನ್‌ಗೂ ಒಂದೇ ಪ್ಯಾಕೇಜ್. ಒಂದೇ ಒಂದು ಸಿ ಫೈಲ್ ಕಂಪೈಲ್ ಆಗುವುದಿದ್ದರೂ ಎನಿ (ಮೆಷಿನ್‌ನ ಬಗೆಗೊಂದು ಪ್ಯಾಕೇಜ್), ಆಗ ಪೈಥಾನ್3-ಆಲ್ ಬದಲು ಪೈಥಾನ್3-ಆಲ್-ಡೆವ್.

ಡಿಪೆಂಡೆನ್ಸಿಯನ್ನು ಕೈಯಾರೆ ಬರೆಯಬೇಡಿ. ಪೈಥಾನ್3:ಡಿಪೆಂಡ್ಸ್ ಅನ್ನುವ ಸಬ್‌ಸ್ಟ್‌ವಾರ್, ಅಂದರೆ ಬಿಲ್ಡ್ ಹೊತ್ತಿನಲ್ಲಿ ತಾನಾಗೇ ತುಂಬಿಕೊಳ್ಳುವ ಗುರುತು, ಹಾಕಿ. ಲೈಬ್ರರಿಯ ಮೆಟಾಡೇಟಾದಲ್ಲಿ ಪೈಯಾಮಲ್ ಬೇಕು ಅಂತ ಇದ್ದರೆ ಡಿಎಚ್-ಪೈಥಾನ್ ಅದನ್ನು ಪೈಥಾನ್3-ಯಾಮಲ್ ಅಂತ ಬದಲಿಸಿಕೊಡುತ್ತದೆ. ಆದರೆ ಬಿಲ್ಡ್ ಲಾಗ್ ಓದಲೇಬೇಕು. ಈ ಪ್ಯಾಕೇಜ್ ಕೊಡುವವರು ಯಾರೂ ಸಿಗಲಿಲ್ಲ, ಬಿಲ್ಡ್-ಡಿಪೆಂಡ್ಸ್‌ಗೆ ಸೇರಿಸಿ ಅಥವಾ ಪೈ3ಡಿಸ್ಟ್-ಓವರ್‌ರೈಡ್ಸ್ ಫೈಲ್‌ನಲ್ಲಿ ಬರೆಯಿರಿ ಅನ್ನುವ ಅರ್ಥದ ಸಾಲು ಲಾಗ್‌ನ ಮಧ್ಯೆ ಸದ್ದಿಲ್ಲದೆ ಹಾದುಹೋಗುತ್ತದೆ. ಅದು ಎರರ್ ಅಲ್ಲ, ಬರೀ ಮಾಹಿತಿ, ಆದ್ದರಿಂದ ಬಿಲ್ಡ್ ನಿಲ್ಲುವುದಿಲ್ಲ. ಪ್ಯಾಕೇಜ್ ಮಾತ್ರ ಒಂದು ಡಿಪೆಂಡೆನ್ಸಿ ಕಳೆದುಕೊಂಡು ಹೊರಗೆ ಬರುತ್ತದೆ.

## ಹಂತ 8: ಖಾಲಿ ಜಾಗದಲ್ಲಿ ಬಿಲ್ಡ್ ಮಾಡಿ, ಡೆಬ್ ಬಿಚ್ಚಿ ನೋಡಿ

ನಿಮ್ಮ ಮೆಷಿನ್‌ನಲ್ಲಿ ಬಿಲ್ಡ್ ಆಯಿತು ಅಂದರೆ ಏನೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಹಾಕಿಕೊಂಡ ನೂರೆಂಟು ಪ್ಯಾಕೇಜ್ ಅಲ್ಲಿವೆ. ಎಸ್‌ಬಿಲ್ಡ್‌ನಲ್ಲಿ ಸಿಡ್‌ನ ಖಾಲಿ ಸಿಎಚ್‌ರೂಟ್ (ನಿಮ್ಮ ಸಿಸ್ಟಮ್‌ನಿಂದ ಬೇರ್ಪಡಿಸಿದ ಪರಿಸರ) ಒಳಗೆ ಬಿಲ್ಡ್ ಮಾಡಿ. ಬಿಲ್ಡ್ ಹೊತ್ತಿನಲ್ಲಿ ಇಂಟರ್‌ನೆಟ್ ಮುಟ್ಟುವಂತಿಲ್ಲ, ಅದು ನಿಯಮ. ಪೈಬಿಲ್ಡ್ ಬೇಕಂತಲೇ ಪ್ರಾಕ್ಸಿಯನ್ನು ಕೆಲಸ ಮಾಡದ ವಿಳಾಸಕ್ಕೆ ತಿರುಗಿಸಿಬಿಡುತ್ತದೆ. ಲಾಗ್‌ನಲ್ಲಿ ಪ್ರಾಕ್ಸಿ ಎರರ್ ಕಂಡರೆ ನಿಮ್ಮ ನೆಟ್‌ವರ್ಕ್ ಕೆಟ್ಟಿದೆ ಅಂತಲ್ಲ. ಯಾವುದೋ ಟೆಸ್ಟ್ ಹೊರಗೆ ಹೋಗಲು ನೋಡುತ್ತಿದೆ, ಅದನ್ನು ಬಿಟ್ಟುಬಿಡಲು ಹೇಳಿ.

ಟೆಸ್ಟ್‌ಗಳು ನಿಜವಾಗಿ ಓಡಿದವಾ ಅಂತ ಎಣಿಸಿ. ಟೆಸ್ಟ್‌ಗೆ ಬೇಕಾದ ಡೇಟಾ ಫೈಲ್ ಸಿಗುತ್ತಿಲ್ಲ ಅಂದರೆ ಡೆಬಿಯನ್ ಫೋಲ್ಡರ್‌ನಲ್ಲಿ ಪೈಬಿಲ್ಡ್.ಟೆಸ್ಟ್‌ಫೈಲ್ಸ್ ಅಂತ ಫೈಲ್ ಮಾಡಿ ಅದರ ಹೆಸರು ಬರೆಯಿರಿ.

ಈಗ ಡೆಬ್‌ಸಿ ಓಡಿಸಿ ಡೆಬ್ ಒಳಗೆ ಏನೇನಿದೆ ನೋಡಿ. ಸರಿಯಾದ ಪ್ಯಾಕೇಜ್‌ನಲ್ಲಿ ಕಾಣುವುದು ಮೂರೇ ಗುಂಪು: ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್ ಕೆಳಗೆ ನಿಮ್ಮ ಇಂಪೋರ್ಟ್ ಹೆಸರಿನ ಫೋಲ್ಡರ್, ಅದರ ಪಕ್ಕ ಡಿಸ್ಟ್-ಇನ್ಫೋ, ಆಮೇಲೆ ಡಾಕ್ ಫೋಲ್ಡರ್‌ನಲ್ಲಿ ಚೇಂಜ್‌ಲಾಗ್ ಮತ್ತು ಕಾಪಿರೈಟ್. ಡಿಸ್ಟ್-ಪ್ಯಾಕೇಜಸ್ ಕೆಳಗೇ ನೇರವಾಗಿ ಟೆಸ್ಟ್ಸ್, ಡಾಕ್ಸ್ ಅಥವಾ ಎಕ್ಸಾಂಪಲ್ಸ್ ಅಂತ ಫೋಲ್ಡರ್ ಕಂಡರೆ ಅಲ್ಲೇ ನಿಲ್ಲಿ.

ಇದರಲ್ಲಿ ನಾನು ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಲೈಬ್ರರಿಯ ಲೇಖಕರು ಪ್ಯಾಕೇಜ್ ಪಟ್ಟಿಯನ್ನು ತಾನಾಗೇ ಹುಡುಕುವಂತೆ ಬಿಟ್ಟಿದ್ದರು, ಅದು ಟೆಸ್ಟ್ಸ್ ಫೋಲ್ಡರನ್ನೂ ಒಂದು ಮಾಡ್ಯೂಲ್ ಅಂತ ಎತ್ತಿಕೊಂಡಿತ್ತು. ನನ್ನ ಮೆಷಿನ್‌ನಲ್ಲಿ ಎಲ್ಲ ಸರಿ. ಗೆಳೆಯನ ಮೆಷಿನ್‌ನಲ್ಲಿ ಹಾಕಲು ಹೋದರೆ, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಅರ್ಧಕ್ಕೆ ನಿಂತಿತು: ಟೆಸ್ಟ್ಸ್ ಒಳಗಿನ ಇನಿಟ್ ಫೈಲನ್ನು ಬರೆಯಲು ಹೊರಟಿದ್ದೀರಿ, ಅದು ಆಗಲೇ ಇನ್ನೊಂದು ಪ್ಯಾಕೇಜ್‌ನಲ್ಲಿದೆ. ಆ ಇನ್ನೊಂದು ಪ್ಯಾಕೇಜೂ ಇದೇ ತಪ್ಪು ಮಾಡಿತ್ತು. ಇಬ್ಬರೂ ತಪ್ಪು ಮಾಡಿದ್ದೆವು, ಬೈಸಿಕೊಂಡಿದ್ದು ಮಾತ್ರ ಆಮೇಲೆ ಬಂದ ನಾನು.

ಇದನ್ನು ಸರಿಮಾಡಲು ಡೆಬಿಯನ್ ಫೋಲ್ಡರ್‌ನಲ್ಲಿ ಪ್ಯಾಕೇಜ್ ಹೆಸರಿನ ಕೊನೆಗೆ .ಪೈರಿಮೂವ್ ಹಾಕಿ ಒಂದು ಫೈಲ್ ಮಾಡಿ, ಒಳಗೆ ತೆಗೆಯಬೇಕಾದ ಫೋಲ್ಡರ್ ಹೆಸರು ಬರೆಯಿರಿ. ಜೊತೆಗೆ ಮೂಲ ಲೇಖಕರಿಗೂ ಒಂದು ಪ್ಯಾಚ್ ಕಳಿಸಿ, ಇಲ್ಲದಿದ್ದರೆ ಈ ಫೈಲನ್ನು ಕೊನೆವರೆಗೂ ನೀವೇ ಸಾಕಬೇಕು.

## ಹಂತ 9: ಲಿಂಟಿಯನ್ ಮತ್ತು ಆಟೋಪಿಕೆಜಿಟೆಸ್ಟ್

ಪ್ಯಾಕೇಜ್‌ನಲ್ಲಿ ತಪ್ಪು ಹುಡುಕುವ ಲಿಂಟಿಯನ್ ಹೇಳಿದ್ದರಲ್ಲಿ ಎರರ್‌ಗಳನ್ನು ಪೂರ್ತಿ ತಿದ್ದಿ, ಎಚ್ಚರಿಕೆಗಳನ್ನು ಓದಿ ಯೋಚಿಸಿ. ಅರ್ಥವಾಗದ್ದನ್ನು ಓವರ್‌ರೈಡ್ ಮಾಡಿ ಬಾಯಿ ಮುಚ್ಚಿಸಬೇಡಿ. ಆದರೆ ಲಿಂಟಿಯನ್ ಸುಮ್ಮನಿದೆ ಅಂದರೆ ಹೆಸರು ಸರಿ ಇದೆ ಅಂತ ಅರ್ಥವಲ್ಲ.

ಹೆಸರು ಪರೀಕ್ಷೆಗೆ ಒಳಗಾಗುವುದು ಇಲ್ಲಿ: ಕಂಟ್ರೋಲ್ ಫೈಲ್‌ನ ಟೆಸ್ಟ್‌ಸೂಟ್ ಸಾಲಿಗೆ ಆಟೋಪಿಕೆಜಿಟೆಸ್ಟ್-ಪಿಕೆಜಿ-ಪೈಥಾನ್ ಅಂತ ಕೊಟ್ಟರೆ, ಅದು ನಿಮ್ಮ ಪ್ಯಾಕೇಜ್ ಹೆಸರಿನಿಂದ ಪೈಥಾನ್3- ತೆಗೆದು, ಉಳಿದದ್ದನ್ನು ಇಂಪೋರ್ಟ್ ಮಾಡಿ ನೋಡುತ್ತದೆ. ಪೈಥಾನ್3-ಪೈಯಾಮಲ್ ಅಂತ ಇಟ್ಟಿದ್ದರೆ ಪೈಯಾಮಲ್ ಇಂಪೋರ್ಟ್ ಮಾಡಲು ಹೋಗಿ ಫೇಲ್ ಆಗುತ್ತದೆ. ದೊಡ್ಡಕ್ಷರದ ಮಾಡ್ಯೂಲ್‌ನಂಥ ನಿಜವಾದ ಕಾರಣ ಇದ್ದರೆ ಮಾತ್ರ, ಟೆಸ್ಟ್ಸ್ ಫೋಲ್ಡರ್‌ನ ಕಾನ್ಫ್ ಫೈಲ್‌ನಲ್ಲಿ ಇಂಪೋರ್ಟ್_ನೇಮ್ ಬೇರೆ ಕೊಡಿ. ತಪ್ಪು ಹೆಸರನ್ನು ಮುಚ್ಚಿಕೊಳ್ಳಲು ಅದನ್ನು ಬಳಸಬೇಡಿ.

## ಹಂತ 10: ಅಪ್‌ಲೋಡ್

ಚೇಂಜ್‌ಲಾಗ್‌ನಲ್ಲಿ ಅನ್‌ರಿಲೀಸ್ಡ್ ಅಂತ ಇದ್ದರೆ ಅನ್‌ಸ್ಟೇಬಲ್ ಅಂತ ಬದಲಿಸಿ, ಐಟಿಪಿ ನಂಬರ್ ಮುಚ್ಚುವ ಸಾಲು ಇದೆಯಾ ನೋಡಿ. ನಿಮಗೆ ನೇರ ಅಪ್‌ಲೋಡ್ ಹಕ್ಕು ಇಲ್ಲದಿದ್ದರೆ ಮೆಂಟರ್ಸ್ ಸೈಟ್‌ಗೆ ಹಾಕಿ ಸ್ಪಾನ್ಸರ್ ಹುಡುಕಿ. ಪೈಥಾನ್ ಲೈಬ್ರರಿ ಆದರೆ ಪೈಥಾನ್ ತಂಡದ ಜೊತೆಗೇ ಇಡುವುದು ಒಳ್ಳೆಯದು, ನಿಮಗೆ ಪುರುಸೊತ್ತಿಲ್ಲದಾಗ ಇನ್ನೊಬ್ಬರು ನೋಡಿಕೊಳ್ಳುತ್ತಾರೆ.

ಹೊಸ ಪ್ಯಾಕೇಜ್ ನ್ಯೂ ಕ್ಯೂಗೆ, ಅಂದರೆ ಹೊಸಬರ ಸಾಲಿಗೆ, ಹೋಗುತ್ತದೆ, ಅಲ್ಲಿ ಡೆಬಿಯನ್ ತಂಡದ ಮನುಷ್ಯರು ಕೂತು ಓದುತ್ತಾರೆ. ಎಷ್ಟು ದಿನ ಅಂತ ಕೇಳಬೇಡಿ. ಆ ಕ್ಯೂಗೆ ಬೈನರಿ ಸಮೇತ ಅಪ್‌ಲೋಡ್ ಮಾಡಿರುತ್ತೀರಿ, ಒಪ್ಪಿಗೆ ಸಿಕ್ಕ ಮೇಲೆ ಅದು ಟೆಸ್ಟಿಂಗ್‌ಗೆ (ಮುಂದಿನ ಸ್ಟೇಬಲ್ ಆಗುವ ಶಾಖೆ) ದಾಟುವುದಿಲ್ಲ. ಪರಿಷ್ಕರಣೆಯ ಅಂಕಿಯನ್ನು -2 ಮಾಡಿ ಬರೀ ಸೋರ್ಸ್ ಇನ್ನೊಮ್ಮೆ ಅಪ್‌ಲೋಡ್ ಮಾಡಬೇಕು. ಇದನ್ನು ಮರೆತು, ಯಾಕೆ ಪ್ಯಾಕೇಜ್ ಸಿಡ್‌ನಲ್ಲೇ ಕೂತಿದೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಇದ್ದಾರೆ.

## ತಪ್ಪು ಹೆಸರು ಒಳಗೆ ಹೋಗಿಬಿಟ್ಟಿದ್ದರೆ

ಬೈನರಿ ಹೆಸರು ಬದಲಾಯಿಸಿದರೆ ಮತ್ತೆ ನ್ಯೂ ಕ್ಯೂ, ಮತ್ತೆ ಕಾಯುವುದು. ಹೊಸ ಹೆಸರಿನ ಪ್ಯಾಕೇಜ್‌ನಲ್ಲಿ ಹಳೆಯದರ ಮೇಲೆ ಬ್ರೇಕ್ಸ್ ಮತ್ತು ರಿಪ್ಲೇಸಸ್ ಅನ್ನುವ ಎರಡೂ ಸಾಲುಗಳನ್ನು ಕಂಟ್ರೋಲ್ ಫೈಲ್‌ನಲ್ಲಿ ಹಾಕಿ. ಬದಲಾವಣೆ ಆದ ವರ್ಶನ್‌ಗಿಂತ ಹಿಂದಿನವು ಅಂತ ಮಿತಿ ಕೊಡುವುದು ಮರೆಯಬೇಡಿ. ಹಳೆಯ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜ್ ಉಳಿಸಿ. ಸೆಕ್ಷನ್ ಓಲ್ಡ್‌ಲಿಬ್ಸ್, ಆರ್ಕಿಟೆಕ್ಚರ್ ಆಲ್, ಒಳಗೆ ಹೊಸದರ ಮೇಲೆ ಡಿಪೆಂಡ್ಸ್ ಬಿಟ್ಟರೆ ಬೇರೇನೂ ಬೇಡ. ಹಳೆಯ ಹೆಸರನ್ನು ಕೇಳುವ ಬೇರೆ ಪ್ಯಾಕೇಜ್‌ಗಳನ್ನು ಹುಡುಕಿ ಒಂದೊಂದಕ್ಕೂ ಬಗ್ ಹಾಕಿ. ಆ ಖಾಲಿ ಪ್ಯಾಕೇಜ್ ಒಂದು ಸ್ಟೇಬಲ್ ಬಿಡುಗಡೆ ದಾಟುವವರೆಗೂ ಇರಲಿ, ಆಮೇಲೆ ಕಂಟ್ರೋಲ್ ಫೈಲ್‌ನಿಂದ ಅಳಿಸಿ.